ದೊಡ್ಡ ಫೈಲ್ ಕಾಪಿಗೆ ಹಾಕಿದ್ರೆ ಬ್ಲೂ ಸ್ಕ್ರೀನ್ – ಲ್ಯಾನ್ ಕಾರ್ಡ್ ಡ್ರೈವರ್ ಕಾಟಾನಾ?

ಮಂಡಿಪೇಟೆ_ಡಿಟಿಪಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ದು ಮಂಡಿಪೇಟೆಲಿ ಡಿಟಿಪಿ ಅಂಗಡಿ, ಮದುವೆ ಕಾರ್ಡು, ಪಾಂಪ್ಲೆಟ್ ಕೆಲಸ. ಡಿಸೈನ್ ಮಾಡೋ ಸಿಸ್ಟಮ್‌ನಿಂದ ಪ್ರಿಂಟರ್ ಇರೋ ಸಿಸ್ಟಮ್‌ಗೆ ಲ್ಯಾನ್ ಮೇಲೆ ಫೈಲ್ ಹೋಗ್ತವೆ.

ಸಿಸ್ಟಮ್: ಎಚ್81 ಬೋರ್ಡ್, 4ನೇ ಜನರೇಷನ್ ಐ3, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 10 ಪ್ರೊ 64 ಬಿಟ್, 22ಎಚ್2. ಮೊದಲು ವಿಂಡೋಸ್ 7 ಇತ್ತು, ಫಾರ್ಮ್ಯಾಟ್ ಮಾಡದೇ ಅದರ ಮೇಲೇ ಅಪ್‌ಗ್ರೇಡ್ ಆಗಿದೆ.

ಸಿಡಿಲಿಗೆ ಬೋರ್ಡ್‌ನ ಲ್ಯಾನ್ ಪೋರ್ಟ್ ಹೋಯ್ತು. ಬದಲಿಗೆ ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್ ಕಾರ್ಡ್ ಹಾಕ್ಸಿದೀವಿ. ಡಬ್ಬದ ಮೇಲೆ ಕಂಪನಿ ಹೆಸರಿಲ್ಲ, ಚಿಪ್ ಮೇಲೆ 8111 ಅಂತಿದೆ. ಹಾಕಿದ ಹುಡುಗ ಪೆನ್‌ಡ್ರೈವ್‌ನಲ್ಲಿದ್ದ ಡ್ರೈವರ್ ಪ್ಯಾಕ್‌ನಿಂದ ಡ್ರೈವರ್ ಕೂರಿಸಿ ಹೋದ.

ಬ್ರೌಸಿಂಗ್, ವಾಟ್ಸಾಪ್ ವೆಬ್, ಮೇಲ್ ಯಾವುದಕ್ಕೂ ತೊಂದರೆ ಇಲ್ಲ. ಆದ್ರೆ ಒಂದು ಜಿಬಿ ಆಸುಪಾಸಿನ ಫೈಲ್ ಆ ಕಡೆ ಕಾಪಿಗೆ ಹಾಕಿದ್ರೆ ಒಂದು ನಿಮಿಷದೊಳಗೆ ಬ್ಲೂ ಸ್ಕ್ರೀನ್. "ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್" ಅಂತ ಬರುತ್ತೆ, ಕೆಳಗೆ "ವಾಟ್ ಫೈಲ್ಡ್: ಎನ್‌ಡಿಐಎಸ್.ಸಿಸ್". ಸ್ಲೀಪ್‌ಗೆ ಹೋಗಿ ಎದ್ದಾಗ ಒಮ್ಮೊಮ್ಮೆ "ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್" ಕೂಡ ಬರುತ್ತೆ. ರ‍್ಯಾಮ್ ಬದಲಿಸಿ ನೋಡಿದ್ದಾಯ್ತು, ಅದೇ ಕಥೆ. ಮದುವೆ ಸೀಸನ್ ಬೇರೆ. ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತಾ? ನುಡಿ ಫಾಂಟು, ಕೋರೆಲ್ ಸೆಟ್ಟಿಂಗು ಎಲ್ಲ ಮತ್ತೆ ಕೂರಿಸ್ಬೇಕು, ಅದಕ್ಕೇ ಹಿಂದೆಮುಂದೆ ನೋಡ್ತಿದೀವಿ.

---

ಡಂಪ್_ಓದುಗ

ಫಾರ್ಮ್ಯಾಟ್ ಬೇಡ. ಅದೇ ಪೆನ್‌ಡ್ರೈವ್‌ನಿಂದ ಮತ್ತೆ ಡ್ರೈವರ್ ಕೂರಿಸಿದರೆ ಹೊಸ ವಿಂಡೋಸ್‌ನಲ್ಲೂ ಇದೇ ಆಗುತ್ತೆ.

ಮೊದಲು ಒಂದು ವಿಷಯ. ಎನ್‌ಡಿಐಎಸ್.ಸಿಸ್ ಅನ್ನೋದು ಮೈಕ್ರೋಸಾಫ್ಟ್‌ನದೇ ಫೈಲ್. ಎಲ್ಲ ಕಂಪನಿಯ ಲ್ಯಾನ್, ವೈಫೈ ಡ್ರೈವರ್‌ಗಳೂ ಅದರ ಮೂಲಕವೇ ವಿಂಡೋಸ್ ಜೊತೆ ವ್ಯವಹಾರ ಮಾಡಬೇಕು. ದಲಾಲರ ಅಂಗಡಿಯಲ್ಲಿ ಗಲಾಟೆ ಆಯ್ತು ಅಂದ್ರೆ ಗಲಾಟೆ ಮಾಡಿದ್ದು ದಲಾಲರೇ ಅಂತ ಹೇಳೋಕಾಗಲ್ಲವಲ್ಲ, ಹಾಗೆ. ನೆಟ್‌ಐಒ.ಸಿಸ್, ಟಿಸಿಪಿಐಪಿ.ಸಿಸ್ ಹೆಸರು ಬಂದರೂ ಅಷ್ಟೇ. ಅಂತರ್ಜಾಲದಲ್ಲಿ ಹುಡುಕಿ "ಎನ್‌ಡಿಐಎಸ್.ಸಿಸ್ ಡೌನ್‌ಲೋಡ್" ಅಂತ ಸಿಗೋ ಫೈಲನ್ನು ತಂದು ಸಿಸ್ಟಮ್32 ಒಳಗೆ ಹಾಕೋ ಕೆಲಸ ಮಾತ್ರ ಮಾಡಬೇಡಿ.

ಸಣ್ಣ ಕೆಲಸಕ್ಕೆ ಸುಮ್ಮನಿದ್ದು ದೊಡ್ಡ ಕಾಪಿಗೆ ಯಾಕೆ ಬೀಳುತ್ತೆ? ಪ್ಯಾಕೆಟ್ ಬಂದಾಗ, ಹೋದಾಗ ಕಾರ್ಡ್ ಪ್ರೊಸೆಸರ್‌ಗೆ ಇಂಟರಪ್ಟ್ (ಕೈಲಿರೋ ಕೆಲಸ ಬಿಟ್ಟು ಇತ್ತ ನೋಡು ಅನ್ನೋ ಸಂಕೇತ) ಕೊಡುತ್ತೆ. ಉಳಿದ ಕೆಲಸವನ್ನು ಡ್ರೈವರ್ ಐಆರ್‌ಕ್ಯೂಎಲ್ (ಯಾವ ಕೆಲಸಕ್ಕೆ ಎಷ್ಟು ಆದ್ಯತೆ ಅನ್ನೋ ವಿಂಡೋಸ್‌ನ ಲೆಕ್ಕ) 2ರ ಮಟ್ಟದಲ್ಲಿ ಮುಗಿಸುತ್ತೆ. ಆ ಮಟ್ಟದಲ್ಲಿರುವಾಗ ಪೇಜ್ ಫೈಲ್‌ಗೆ ಹೋಗಿರಬಹುದಾದ ಮೆಮೊರಿಯನ್ನು ಮುಟ್ಟುವಂತಿಲ್ಲ. ಡಿಸ್ಕ್‌ನಿಂದ ಅದನ್ನು ವಾಪಸ್ ತರಲು ಆ ಗಳಿಗೆಯಲ್ಲಿ ವಿಂಡೋಸ್‌ಗೆ ದಾರಿ ಇರಲ್ಲ. ಡ್ರೈವರ್ ತಪ್ಪು ವಿಳಾಸ ಮುಟ್ಟಿತು ಅಂದ್ರೆ ಅಲ್ಲೇ ನಿಲ್ಲಿಸ್ತಾರೆ, ಅದೇ ಈ ಸ್ಟಾಪ್ ಕೋಡ್, ನಂಬರ್ ಡಿ1. ಬ್ರೌಸಿಂಗ್‌ನಲ್ಲಿ ಪ್ಯಾಕೆಟ್‌ಗಳು ಬಿಡಿಬಿಡಿಯಾಗಿ ಹೋಗ್ತವೆ. ಒಂದು ಜಿಬಿ ಫೈಲ್ ಕಳಿಸುವಾಗ ಲಾರ್ಜ್ ಸೆಂಡ್ ಆಫ್‌ಲೋಡ್ ಶುರುವಾಗುತ್ತೆ: ವಿಂಡೋಸ್ 64 ಕೆಬಿವರೆಗಿನ ಒಂದೇ ತುಂಡನ್ನು ಕಾರ್ಡ್‌ಗೆ ಕೊಟ್ಟು, ನೆಟ್‌ವರ್ಕ್‌ಗೆ ಹೊಂದುವ ಸಣ್ಣ ಪ್ಯಾಕೆಟ್ ಮಾಡೋ ಕೆಲಸವನ್ನೂ ಅದಕ್ಕೇ ವಹಿಸುತ್ತೆ. ಚಿಪ್‌ಗೆ ಹೊಂದದ ಡ್ರೈವರ್ ಎಡವುವ ಜಾಗ ಅದು.

ಈಗ ಸಾಕ್ಷಿ ಬೇಕು. ರನ್‌ನಲ್ಲಿ ಸಿಸ್‌ಡಿಎಮ್.ಸಿಪಿಎಲ್ ಹೊಡೆದು ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ಸೆಟ್ಟಿಂಗ್ಸ್ ತೆಗೆಯಿರಿ. "ಸ್ಮಾಲ್ ಮೆಮೊರಿ ಡಂಪ್" (ಡಂಪ್ ಅಂದ್ರೆ ಕ್ರ್ಯಾಶ್ ಆದ ಗಳಿಗೆಯ ಮೆಮೊರಿ ದಾಖಲೆ) ಆರಿಸಿ, "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಟಿಕ್ ತೆಗೆಯಿರಿ. ಸಿ ಡ್ರೈವ್‌ನಲ್ಲಿ ಪೇಜ್ ಫೈಲ್ ಇರಲೇಬೇಕು. ಎಸ್‌ಎಸ್‌ಡಿ ಉಳಿಸೋಕೆ ಅಂತ ಪೇಜ್ ಫೈಲ್ ಆಫ್ ಮಾಡಿಟ್ಟಿರೋರ ಸಿಸ್ಟಮ್‌ನಲ್ಲಿ ಡಂಪ್ ಬೀಳೋದೇ ಇಲ್ಲ. ಇನ್ನೊಮ್ಮೆ ಕ್ರ್ಯಾಶ್ ಆದ ಮೇಲೆ ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್‌ನಲ್ಲಿ ಹೊಸ ಫೈಲ್ ಇರುತ್ತೆ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ವಿನ್‌ಡಿಬಿಜಿ (ಡಂಪ್ ಓದೋ ಸಾಫ್ಟ್‌ವೇರ್) ಹಾಕ್ಕೊಂಡು ಅದನ್ನು ತೆರೆಯಿರಿ, ಅನಲೈಸ್ ಕಮಾಂಡ್ ಕೊಡಿ (ಆಶ್ಚರ್ಯ ಚಿಹ್ನೆ, ಅನಲೈಸ್, ಜಾಗ ಬಿಟ್ಟು ಹೈಫನ್ ವಿ). ಮಾಡ್ಯೂಲ್ ನೇಮ್ ಅಂತ ಮೇಲೆ ಬರೆದಿರೋದಷ್ಟನ್ನೇ ನೋಡಿ ನಿಲ್ಲಿಸಬೇಡಿ. ಸ್ಟ್ಯಾಕ್ ಪಟ್ಟಿಯಲ್ಲಿ (ಬೀಳುವಾಗ ಯಾವುದು ಯಾವುದನ್ನು ಕರೆದಿತ್ತು ಅನ್ನೋ ಸಾಲು) ಎನ್‌ಡಿಐಎಸ್ ಅಕ್ಕಪಕ್ಕ ಮೈಕ್ರೋಸಾಫ್ಟ್‌ದಲ್ಲದ ಹೆಸರು ಯಾವುದಿದೆ ನೋಡಿ. ಎಲ್‌ಎಮ್ ವಿಎಮ್ ಕಮಾಂಡ್ ಜೊತೆ ಆ ಹೆಸರು ಕೊಟ್ಟರೆ ಅದರ ತಾರೀಕು ಸಿಗುತ್ತೆ.

ಇದರ ಜೊತೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಪ್ರಾಪರ್ಟೀಸ್, ಡೀಟೇಲ್ಸ್ ಟ್ಯಾಬ್, ಹಾರ್ಡ್‌ವೇರ್ ಐಡೀಸ್‌ನ ಮೊದಲ ಸಾಲು. ಡ್ರೈವರ್ ಟ್ಯಾಬ್‌ನಲ್ಲಿರೋ ವರ್ಷನ್ ನಂಬರ್. ಇವನ್ನೂ ಇಲ್ಲಿ ಹಾಕಿ.

---

ದುರ್ಗದ_ಬೋರ್ಡ್_ರಿಪೇರಿ (ಚಿತ್ರದುರ್ಗ)

ಡ್ರೈವರ್ ಇರಬೋದು, ಆದ್ರೆ ಸಿಡಿಲು ಹೊಡೆದ ಸಿಸ್ಟಮ್ ಅಂತೀರ, ಹಾರ್ಡ್‌ವೇರ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ದೆ ಮುಂದಕ್ಕೆ ಹೋಗ್ಬೇಡ್ರಿ. ಒಂದು ಗಂಟೆ ಕೆಲಸ ಐತೆ ಅಷ್ಟೆ.

ಲಿನಕ್ಸ್ ಮಿಂಟ್‌ನ ಪೆನ್‌ಡ್ರೈವ್‌ಗೆ ಬರ್ಕೊಂಡು ಅದ್ರಿಂದ ಬೂಟ್ ಮಾಡ್ರಿ, ಇನ್‌ಸ್ಟಾಲ್ ಬ್ಯಾಡ, ಲೈವ್ ಸಾಕು. ಅದೇ ಕಾರ್ಡು, ಅದೇ ಕೇಬಲ್, ಅದೇ ಫೈಲು, ಪ್ರಿಂಟರ್ ಸಿಸ್ಟಮ್‌ಗೆ ಕಾಪಿ ಹಾಕ್ರಿ. ಅಲ್ಲಿ ಇರೋದು ಆರ್8169 ಅನ್ನೋ ಲಿನಕ್ಸ್‌ದೇ ಬೇರೆ ಡ್ರೈವರ್. ಒಂದರ ಹಿಂದೆ ಒಂದು ಫೈಲ್ ಹಾಕಿ ಅರ್ಧ ಗಂಟೆ ನಡೆಸಿದ್ರೂ ಏನೂ ಆಗ್ಲಿಲ್ಲ ಅಂದ್ರೆ ಕಾರ್ಡು, ಸ್ಲಾಟು ಎರಡೂ ಚೆನ್ನಾಗವೆ, ತಪ್ಪು ವಿಂಡೋಸ್ ಕಡೇದು. ಅಲ್ಲೂ ಹ್ಯಾಂಗ್ ಆದ್ರೆ, ಇಲ್ಲ ಡಿಮೆಸೇಜ್ (ಲಿನಕ್ಸ್ ಕರ್ನಲ್‌ನ ಸಂದೇಶ ತೋರಿಸೋ ಕಮಾಂಡ್) ಔಟ್‌ಪುಟ್‌ನಲ್ಲಿ "ನೆಟ್‌ಡೆವ್ ವಾಚ್‌ಡಾಗ್... ಟೈಮ್ಡ್ ಔಟ್" ಅಂತ ಸಾಲು ಬಂದ್ರೆ, ಮೊದ್ಲು ಕಾರ್ಡ್ ಕಡೆ ನೋಡ್ಬೇಕು. ಪವರ್ ಕೇಬಲ್ ಕಿತ್ತು ಕಾರ್ಡ್ ತೆಗೆದು, ಚಿನ್ನದ ಪಟ್ಟಿನ ಮೆತ್ತನೆ ರಬ್ಬರಿಂದ ತಿಕ್ಕಿ, ಪುಡಿ ಊದಿ, ಬೇರೆ ಸ್ಲಾಟಿಗೆ ಹಾಕ್ರಿ. ಎಕ್ಸ್1 ಕಾರ್ಡ್ ಎಕ್ಸ್16 ಸ್ಲಾಟಿಗೂ ಕೂರ್ತೈತೆ, ಅನುಮಾನ ಬ್ಯಾಡ.

ಇನ್ನೊಂದು, ಸುಟ್ಟಿರೋ ಆನ್‌ಬೋರ್ಡ್ ಲ್ಯಾನ್. ಪೋರ್ಟ್ ಸತ್ತೈತೆ ಅಂದ್ರೂ ಚಿಪ್ ಪೂರ್ತಿ ಸತ್ತಿರಲ್ಲ. ಅರೆಜೀವದಲ್ಲಿ ಬಸ್ ಮೇಲೆ ಕಾಣಿಸ್ಕೊಳ್ತಾ, ಮಾಯ ಆಗ್ತಾ ಇರ್ತೈತೆ. ಬಯಾಸ್‌ಗೆ ಹೋಗಿ ಆನ್‌ಬೋರ್ಡ್ ಡಿವೈಸಸ್‌ನಲ್ಲಿ ಲ್ಯಾನ್ ಕಂಟ್ರೋಲರ್ ಡಿಸೇಬಲ್ ಮಾಡ್ರಿ. ಇದನ್ನ ಮಾಡ್ದೆ ಬಿಟ್ರೆ ಡ್ರೈವರ್ ಎಷ್ಟು ಸರಿ ಮಾಡಿದ್ರೂ ತಲೆನೋವು ತಪ್ಪಲ್ಲ.

ಅಂಗಡಿ ಅರ್ಥಿಂಗ್ ಒಂದ್ಸಲ ನೋಡಿಸ್ರಿ. ಪ್ಲಗ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಟ್ರೆ ಒಂದೆರಡು ವೋಲ್ಟ್ ಒಳಗಿರ್ಬೇಕು. ನಮ್ಮ ದುರ್ಗದ ಬಂಡೆ ನೆಲದಾಗೆ ಬ್ಯಾಸಿಗೇಲಿ ಅರ್ಥ್ ಗುಂಡಿ ಒಣಗಿ ನಿಂತ್ಕಂಡಿರ್ತೈತೆ, ಏಪ್ರಿಲ್-ಮೇ ಗುಡುಗಿನ ಮಳೆಗೆ ಲ್ಯಾನ್ ಪೋರ್ಟ್‌ಗಳು ಸಾಲಾಗಿ ಹೋಗ್ತವೆ. ಗುಡುಗು ಶುರುವಾದ್ರೆ ಕರೆಂಟ್ ಪ್ಲಗ್ ಒಂದೇ ಅಲ್ಲ, ಲ್ಯಾನ್ ಕೇಬಲ್ಲೂ ಕೀಳ್ಬೇಕು.

---

ನೆಟ್_ಚಳ್ಳಕೆರೆ

ಮೇಲಿನ ಇಬ್ಬರೂ ಫಿಲ್ಟರ್ ಡ್ರೈವರ್ (ನೆಟ್‌ವರ್ಕ್ ದಾರಿಯ ನಡುವೆ ಕೂತು ಪ್ಯಾಕೆಟ್ ತಪಾಸಣೆ ಮಾಡೋ ಡ್ರೈವರ್) ವಿಷಯ ಎತ್ತಿಲ್ಲ. ಡಿ1 ಬಂದು ಸ್ಟ್ಯಾಕ್‌ನಲ್ಲಿ ನೆಟ್‌ಐಒ, ಅದರ ಪಕ್ಕ ಎಫ್‌ಡಬ್ಲ್ಯುಪಿಕೆಸಿಎಲ್‌ಎನ್‌ಟಿ (ಫೈರ್‌ವಾಲ್‌ಗಳು ಬಳಸೋ ವಿಂಡೋಸ್ ಫೈಲ್) ಕಂಡರೆ ಕಾರ್ಡ್‌ನ ಡ್ರೈವರ್‌ಗಿಂತ ಮೊದಲು ಆಂಟಿವೈರಸ್ ಮೇಲೆ ಅನುಮಾನ ಪಡಬೇಕು. ಹಳೇ ಟ್ರಯಲ್ ಆಂಟಿವೈರಸ್ ಅವಧಿ ಮುಗಿದರೂ ಅದರ ಫೈರ್‌ವಾಲ್ ಭಾಗ ನೆಟ್‌ವರ್ಕ್ ದಾರಿಯಲ್ಲಿ ಕೂತೇ ಇರುತ್ತೆ. ವಿಪಿಎನ್, ವರ್ಚುವಲ್ ಬಾಕ್ಸ್, ವಿನ್‌ಪಿಕ್ಯಾಪ್ ಕೂಡ ಇದೇ ಜಾತಿ. ವಿಂಡೋಸ್ 7ರಿಂದ ಅಪ್‌ಗ್ರೇಡ್ ಆದ ಸಿಸ್ಟಮ್ ಅಂದಿರಲ್ಲ, ಇಂಥವು ಇರೋ ಸಾಧ್ಯತೆ ಜಾಸ್ತಿ.

ನೋಡೋ ವಿಧಾನ: ರನ್‌ನಲ್ಲಿ ಎನ್‌ಸಿಪಿಎ.ಸಿಪಿಎಲ್, ಈಥರ್‌ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಆ ಪಟ್ಟಿಯಲ್ಲಿ ಮೈಕ್ರೋಸಾಫ್ಟ್‌ದಲ್ಲದ್ದು ಏನಿದ್ರೂ ಟಿಕ್ ತೆಗೆದು ಅದೇ ಫೈಲ್ ಕಾಪಿ ಮಾಡಿ. ಕ್ರ್ಯಾಶ್ ನಿಂತರೆ ಆ ಸಾಫ್ಟ್‌ವೇರನ್ನು ಕಂಟ್ರೋಲ್ ಪ್ಯಾನೆಲ್‌ನಿಂದಷ್ಟೇ ತೆಗೆದರೆ ಸಾಲದು, ಆಯಾ ಕಂಪನಿಯವರೇ ಕೊಡುವ ರಿಮೂವಲ್ ಟೂಲ್‌ನಿಂದ ತೆಗೆಯಬೇಕು. ಬೇಡದ ಆಂಟಿವೈರಸ್ ತೆಗೆದರೆ ವಿಂಡೋಸ್ ಡಿಫೆಂಡರ್ ತಾನಾಗಿ ಚಾಲೂ ಆಗುತ್ತೆ.

ತುರ್ತಿಗೆ ಒಂದು ಉಪಾಯ: ಕಾರ್ಡ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಲಾರ್ಜ್ ಸೆಂಡ್ ಆಫ್‌ಲೋಡ್ ವಿ2 ಎರಡನ್ನೂ, ಐಪಿವಿ4 ಮತ್ತು ಐಪಿವಿ6, ಡಿಸೇಬಲ್ ಮಾಡಿ. ಇವತ್ತಿನ ಕೆಲಸ ಸಾಗಬಹುದು. ಇದು ಪರಿಹಾರ ಅಲ್ಲ, ರೋಗ ಮುಚ್ಚಿಡೋದು.

---

ಮಂಡಿಪೇಟೆ_ಡಿಟಿಪಿ

ಎಲ್ಲರಿಗೂ ಥ್ಯಾಂಕ್ಸ್ ರೀ. ಲಿನಕ್ಸ್ ಲೈವ್‌ನಲ್ಲಿ ಕಾಪಿ ಸಲೀಸಾಗಿ ಹೋಯ್ತು, ಏನೂ ನಿಲ್ಲಲಿಲ್ಲ. ಬಯಾಸ್‌ನಲ್ಲಿ ಆನ್‌ಬೋರ್ಡ್ ಲ್ಯಾನ್ ಡಿಸೇಬಲ್ ಮಾಡಿದೆ.

ಡಂಪ್‌ನಲ್ಲಿ ಮಾಡ್ಯೂಲ್ ನೇಮ್ ಎನ್‌ಡಿಐಎಸ್, ಸ್ಟ್ಯಾಕ್‌ನಲ್ಲಿ ಅದರ ಜೊತೆ ಆರ್‌ಟಿ64ವಿನ್7 ಅಂತ ಇದೆ. ತಾರೀಕು 2012ರದು. ಸ್ಟಾಪ್ ಕೋಡ್‌ನ ಎರಡನೇ ಪ್ಯಾರಾಮೀಟರ್, ಅಂದ್ರೆ ಐಆರ್‌ಕ್ಯೂಎಲ್, 2. ಹಾರ್ಡ್‌ವೇರ್ ಐಡಿಯಲ್ಲಿ ವೆಂಡರ್ 10ಇಸಿ, ಡಿವೈಸ್ 8168, ರಿವಿಷನ್ 15. ಡ್ರೈವರ್ ವರ್ಷನ್ 7ರಿಂದ ಶುರುವಾಗುತ್ತೆ. ಲ್ಯಾನ್ ಪ್ರಾಪರ್ಟೀಸ್ ಪಟ್ಟಿಲಿ ಹಳೇ ಆಂಟಿವೈರಸ್‌ದೂ ಒಂದು ಸಾಲು ಇತ್ತು, ಟಿಕ್ ತೆಗೆದ ಮೇಲೂ ಕ್ರ್ಯಾಶ್ ಆಯ್ತು. ಡ್ರೈವರ್ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿದ್ರೆ ಅದೇ ವರ್ಷನ್ ವಾಪಸ್ ಬಂದು ಕೂತ್ಕೊಳ್ಳುತ್ತೆ. ಡ್ರೈವರ್ ಅಪ್‌ಡೇಟರ್ ಆ್ಯಪ್ ಯಾವುದಾದ್ರೂ ಹಾಕ್ಲಾ?

---

ಡಂಪ್_ಓದುಗ

ಕೈಗೆ ಸಿಕ್ತು. ಅಪ್‌ಡೇಟರ್ ಆ್ಯಪ್ ಬೇಡವೇ ಬೇಡ, ಇಂಥದ್ದೇ ಒಂದು ಪ್ಯಾಕ್‌ನಿಂದ ಇಷ್ಟೆಲ್ಲ ಆಗಿರೋದು.

10ಇಸಿ ಅಂದ್ರೆ ರಿಯಲ್‌ಟೆಕ್. ಅವರು 8111 ಸಾಲಿನ ಎಲ್ಲ ಚಿಪ್‌ಗೂ 8168 ಅನ್ನೋ ಒಂದೇ ಡಿವೈಸ್ ನಂಬರ್ ಕೊಟ್ಟಿದ್ದಾರೆ. ವ್ಯತ್ಯಾಸ ಇರೋದು ರಿವಿಷನ್‌ನಲ್ಲಿ: 0ಸಿ ಅಂದ್ರೆ 8111ಜಿ, 15 ಅಂದ್ರೆ 8111ಎಚ್. ನಿಮ್ಮಲ್ಲಿರೋ ಡ್ರೈವರ್ ವಿಂಡೋಸ್ 7ಕ್ಕೆ, ಎನ್‌ಡಿಐಎಸ್ 6.20 ಲೆಕ್ಕದಲ್ಲಿ ಬರೆದದ್ದು. ಡಿವೈಸ್ ನಂಬರ್ ಹೊಂದಿತು ಅಂತ ಕಾರ್ಡ್‌ಗೆ ಅಂಟಿಕೊಂಡಿದೆ, ಆದ್ರೆ ಆಮೇಲೆ ಬಂದ ರಿವಿಷನ್ ಅದಕ್ಕೆ ಪರಿಚಯ ಇಲ್ಲ. ರಿಯಲ್‌ಟೆಕ್ ಡ್ರೈವರ್ ಗುರುತು ಹಿಡಿಯೋದು ಸುಲಭ. ವರ್ಷನ್ 7ರಿಂದ ಶುರುವಾದರೆ ವಿಂಡೋಸ್ 7ಕ್ಕೆ, 8 ಅಂದ್ರೆ ವಿಂಡೋಸ್ 8ಕ್ಕೆ, 10 ಅಂದ್ರೆ ವಿಂಡೋಸ್ 10ಕ್ಕೆ. ನಿಮಗೆ ಬೇಕಾದ್ದು 10ರಿಂದ ಶುರುವಾಗೋದು, ಫೈಲ್ ಹೆಸರು ಆರ್‌ಟಿ640ಎಕ್ಸ್64.ಸಿಸ್.

ವಾಪಸ್ ಬರೋದ್ಯಾಕೆ ಅಂದ್ರೆ ಅನ್‌ಇನ್‌ಸ್ಟಾಲ್ ಕೊಟ್ಟಾಗ ಹೋಗೋದು ಡಿವೈಸ್ ಮಾತ್ರ, ಡ್ರೈವರ್ ಸ್ಟೋರ್‌ನಲ್ಲಿ (ವಿಂಡೋಸ್ ಡ್ರೈವರ್ ಪ್ರತಿಗಳನ್ನು ಕೂಡಿಡೋ ಜಾಗ) ಪ್ಯಾಕೇಜ್ ಹಾಗೇ ಉಳಿಯುತ್ತೆ. ನಿಮ್ಮ ಸತ್ತ ಆನ್‌ಬೋರ್ಡ್ ಚಿಪ್ ಕೂಡ ಬಹುಶಃ ರಿಯಲ್‌ಟೆಕ್ 8168ಏ ಇರಬೇಕು, ಅದರ ಹಳೇ ಪ್ಯಾಕೇಜ್ ಬೇರೆ ಒಳಗಿರುತ್ತೆ. ವಿಂಡೋಸ್ ಆರಿಸುವಾಗ ಐಡಿ ಎಷ್ಟು ನಿಖರವಾಗಿ ಹೊಂದುತ್ತೆ ಅಂತ ಮೊದಲು ನೋಡುತ್ತೆ, ತಾರೀಕು ನೋಡೋದು ಆಮೇಲೆ. ಹೊಸದು ಇದ್ದರೂ ಹಳೆಯದು ಗೆಲ್ಲೋದು ಹೀಗೆ.

ಮಾಡೋ ಕ್ರಮ ಇದು, ಹಿಂದುಮುಂದು ಮಾಡಬೇಡಿ.

ಮೊದಲು ರಿಯಲ್‌ಟೆಕ್‌ನ ಸ್ವಂತ ಸೈಟ್‌ನಿಂದ ಪಿಸಿಐಇ ಈಥರ್‌ನೆಟ್ ಕಂಟ್ರೋಲರ್ ವಿಭಾಗದಲ್ಲಿರೋ ವಿಂಡೋಸ್ 10 ಆಟೋ ಇನ್‌ಸ್ಟಾಲೇಷನ್ ಫೈಲ್ ಇಳಿಸಿ ಡೆಸ್ಕ್‌ಟಾಪ್‌ನಲ್ಲಿಟ್ಟುಕೊಳ್ಳಿ. ರಿಸ್ಟೋರ್ ಪಾಯಿಂಟ್ ಒಂದು ಮಾಡಿ. ಆಮೇಲೆ ಲ್ಯಾನ್ ಕೇಬಲ್ ಕಿತ್ತುಬಿಡಿ. ನೆಟ್ ಇದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ಕೈ ಹಾಕಿ ತನಗೆ ಸರಿ ಕಂಡ ಡ್ರೈವರ್ ತಂದು ಕೂರಿಸುತ್ತೆ.

ಡಿವೈಸ್ ಮ್ಯಾನೇಜರ್‌ನಲ್ಲಿ ವ್ಯೂ ಮೆನುವಿನ "ಶೋ ಹಿಡನ್ ಡಿವೈಸಸ್" ಕೊಡಿ. ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ಮಸುಕಾಗಿ ಕಾಣೋ ಹಳೇ ರಿಯಲ್‌ಟೆಕ್ ಎಂಟ್ರಿಗಳನ್ನೂ ಈಗಿನದನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಪ್ರತಿ ಸಲ "ಡಿಲೀಟ್ ದ ಡ್ರೈವರ್ ಸಾಫ್ಟ್‌ವೇರ್" ಟಿಕ್ ಹಾಕಿ.

ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ:

ಪಿಎನ್‌ಪಿಯುಟಿಲ್ /ಎನಮ್-ಡ್ರೈವರ್ಸ್

ಉದ್ದ ಪಟ್ಟಿ ಬರುತ್ತೆ. ಪ್ರೊವೈಡರ್ ರಿಯಲ್‌ಟೆಕ್, ಕ್ಲಾಸ್ ನೆಟ್‌ವರ್ಕ್ ಅಡಾಪ್ಟರ್ಸ್ ಅಂತಿರೋ ಪ್ರತಿಯೊಂದರ ಪಬ್ಲಿಷ್ಡ್ ನೇಮ್ ಬರೆದುಕೊಳ್ಳಿ, ಒಇಎಮ್12.ಇನ್ಫ್ ಥರ ಇರುತ್ತೆ. ಇಲ್ಲಿ ಹುಷಾರು: ಸೌಂಡ್ ಡ್ರೈವರ್ ಕೂಡ ರಿಯಲ್‌ಟೆಕ್ ಹೆಸರಲ್ಲೇ ಇರುತ್ತೆ. ಕ್ಲಾಸ್ ನೋಡದೆ ಅಳಿಸಿದರೆ ಸ್ಪೀಕರ್ ಮೂಕ ಆಗುತ್ತೆ. ನೆಟ್‌ವರ್ಕ್‌ದು ಮಾತ್ರ ಒಂದೊಂದಾಗಿ:

ಪಿಎನ್‌ಪಿಯುಟಿಲ್ /ಡಿಲೀಟ್-ಡ್ರೈವರ್ ಒಇಎಮ್12.ಇನ್ಫ್ /ಅನ್‌ಇನ್‌ಸ್ಟಾಲ್ /ಫೋರ್ಸ್

12ರ ಜಾಗದಲ್ಲಿ ನಿಮ್ಮ ಪಟ್ಟಿಯಲ್ಲಿರೋ ನಂಬರ್. ಮುಗಿದ ಮೇಲೆ ಪವರ್‌ಸಿಎಫ್‌ಜಿ /ಎಚ್ ಆಫ್ ಅಂತ ಕೊಡಿ. ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಅನ್ನೋದು ಅಸಲಿ ಶಟ್‌ಡೌನ್ ಅಲ್ಲ, ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ಗೆ ಬರೆದಿಟ್ಟು ಮತ್ತೆ ಅದನ್ನೇ ಎತ್ತುತ್ತೆ. ಇದರಿಂದ ಹೈಬರ್ನೇಟ್ ಸೌಲಭ್ಯವೂ ಹೋಗುತ್ತೆ, ಡೆಸ್ಕ್‌ಟಾಪ್‌ಗೆ ಅದೇನು ನಷ್ಟ ಅಲ್ಲ.

ಈಗ ಪೂರ್ತಿ ಆಫ್ ಮಾಡಿ, ಆನ್ ಮಾಡಿ, ಇಳಿಸಿಟ್ಟ ಡ್ರೈವರ್ ಕೂರಿಸಿ, ರೀಸ್ಟಾರ್ಟ್ ಆದ ಮೇಲೆ ವರ್ಷನ್ 10ರಿಂದ ಶುರುವಾಗಿದೆಯಾ ನೋಡಿ. ಆಮೇಲಷ್ಟೇ ಕೇಬಲ್ ಹಾಕಿ. ನಿಮ್ಮದು ಪ್ರೊ, ಹಾಗಾಗಿ ಜಿಪಿಎಡಿಟ್.ಎಮ್‌ಎಸ್‌ಸಿಯಲ್ಲಿ ವಿಂಡೋಸ್ ಅಪ್‌ಡೇಟ್ ಕೆಳಗೆ "ಡೂ ನಾಟ್ ಇನ್‌ಕ್ಲೂಡ್ ಡ್ರೈವರ್ಸ್" ಅನ್ನೋದನ್ನು ಎನೇಬಲ್ ಮಾಡಿ. ಹೋಮ್ ಎಡಿಷನ್ ಇರೋರು ಸಿಸ್‌ಡಿಎಮ್.ಸಿಪಿಎಲ್‌ನ ಹಾರ್ಡ್‌ವೇರ್ ಟ್ಯಾಬ್, ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್‌ನಲ್ಲಿ "ನೋ" ಕೊಡಬೇಕು.

ಡ್ರೈವರ್ ವೆರಿಫೈಯರ್ (ಡ್ರೈವರ್‌ಗಳ ತಪ್ಪು ಹಿಡಿಯೋಕೆ ವಿಂಡೋಸ್‌ನಲ್ಲೇ ಇರೋ ಪರೀಕ್ಷೆ) ಚಾಲೂ ಮಾಡಿ ಅಂತ ಯಾರಾದ್ರೂ ಸಲಹೆ ಕೊಟ್ಟರೆ, ನಿಮಗೆ ಈಗ ಅದರ ಅಗತ್ಯ ಇಲ್ಲ. ಅಪರಾಧಿ ಸಿಕ್ಕಾಗಿದೆ. ಎಲ್ಲ ಡ್ರೈವರ್ ಆರಿಸಿ ಅದನ್ನು ಚಾಲೂ ಮಾಡಿದರೆ ಬೂಟ್ ಆಗುವಾಗಲೇ ಬೀಳುತ್ತಾ ಕೂರಬಹುದು. ಆಗ ಸೇಫ್ ಮೋಡ್‌ಗೆ ಹೋಗಿ ವೆರಿಫೈಯರ್ /ರೀಸೆಟ್ ಕೊಡಬೇಕಾಗುತ್ತೆ.

---

ನೆಟ್_ಚಳ್ಳಕೆರೆ

ಸ್ಲೀಪ್‌ನಿಂದ ಎದ್ದಾಗ ಬರೋ ಪವರ್ ಸ್ಟೇಟ್ ಫೇಲ್ಯೂರ್, ಕೋಡ್ 9ಎಫ್, ಅದಕ್ಕೂ ಬಹುಶಃ ಇದೇ ಡ್ರೈವರ್ ಕಾರಣ. ವಿಂಡೋಸ್ "ಮಲಗು" ಅಥವಾ "ಏಳು" ಅಂತ ಕಳಿಸಿದ ಪವರ್ ಸಂದೇಶಕ್ಕೆ ಡ್ರೈವರ್ ಉತ್ತರ ಕೊಡದೆ ಕೂತರೆ ಕಾದು ಕಾದು ಕೊನೆಗೆ ಸಿಸ್ಟಮ್ ಬೀಳಿಸುತ್ತೆ. ಹೊಸ ಡ್ರೈವರ್ ಹಾಕಿದ ಮೇಲೂ ಬಂದರೆ ಕಾರ್ಡ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ "ಅಲೋ ದ ಕಂಪ್ಯೂಟರ್ ಟು ಟರ್ನ್ ಆಫ್" ಟಿಕ್ ತೆಗೆಯಿರಿ. ಅಡ್ವಾನ್ಸ್‌ಡ್‌ನಲ್ಲಿ ಎನರ್ಜಿ ಎಫಿಷಿಯೆಂಟ್ ಈಥರ್‌ನೆಟ್, ಗ್ರೀನ್ ಈಥರ್‌ನೆಟ್ ಎರಡೂ ಡಿಸೇಬಲ್. ಪವರ್ ಪ್ಲಾನ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್. ಮೂರನ್ನೂ ಒಟ್ಟಿಗೆ ಮಾಡಬೇಡಿ, ಒಂದೊಂದು ಮಾಡಿ ಒಂದೆರಡು ದಿನ ನೋಡಿ, ಇಲ್ಲಾಂದ್ರೆ ಯಾವುದರಿಂದ ಸರಿ ಹೋಯ್ತು ಅಂತ ತಿಳಿಯಲ್ಲ. ಮೊದಲು ಲಾರ್ಜ್ ಸೆಂಡ್ ಆಫ್‌ಲೋಡ್ ಆಫ್ ಮಾಡಿದ್ದರೆ ಈಗ ಮತ್ತೆ ಆನ್ ಮಾಡಿ, ಆಗಲೇ ಪರೀಕ್ಷೆ ಅನ್ನಿಸಿಕೊಳ್ಳೋದು.

ಹಳೇ ಆಂಟಿವೈರಸ್ ಇವತ್ತಿನ ಕ್ರ್ಯಾಶ್‌ಗೆ ಕಾರಣ ಅಲ್ಲ ಅಂತಾಯ್ತು, ಆದರೂ ರಿಮೂವಲ್ ಟೂಲ್‌ನಿಂದ ತೆಗೆದು ಹಾಕಿ.

ಪರೀಕ್ಷೆಗೆ ಫೈಲ್ ಕಾಪಿಗಿಂತ ಐಪರ್ಫ್3 (ನೆಟ್‌ವರ್ಕ್ ವೇಗ ಅಳೆಯೋ ಸಾಫ್ಟ್‌ವೇರ್) ಒಳ್ಳೆಯದು, ಡಿಸ್ಕ್ ನಡುವೆ ಬರಲ್ಲ. ಪ್ರಿಂಟರ್ ಸಿಸ್ಟಮ್‌ನಲ್ಲಿ ಸರ್ವರ್ ಆಗಿ ಓಡಿಸಿ, ಡಿಸೈನ್ ಸಿಸ್ಟಮ್‌ನಿಂದ 4 ಸ್ಟ್ರೀಮ್, 1800 ಸೆಕೆಂಡ್ ಕೊಟ್ಟು ಬಿಡಿ.

---

ಮಂಡಿಪೇಟೆ_ಡಿಟಿಪಿ

ಹೇಳಿದ ಕ್ರಮದಲ್ಲೇ ಮಾಡಿದ್ವಿ. ಪಟ್ಟಿಲಿ ನೆಟ್‌ವರ್ಕ್ ಕ್ಲಾಸ್‌ನ ರಿಯಲ್‌ಟೆಕ್ ಪ್ಯಾಕೇಜ್ ಮೂರು ಇದ್ವು, ಮೂರನ್ನೂ ತೆಗೆದು ಹೊಸದು ಹಾಕಿದ್ದಾಯ್ತು. ಐಪರ್ಫ್ ಅರ್ಧ ಗಂಟೆ ಓಡ್ತು, ಬ್ಲೂ ಸ್ಕ್ರೀನ್ ಇಲ್ಲ. ಸ್ಲೀಪ್ ಮಾಡಿ ಎಬ್ಬಿಸಿದ್ರೂ ಸರಿ ಇದೆ. ಆದ್ರೆ ಸ್ಪೀಡ್ 94 ಮೆಗಾಬಿಟ್ ಮೇಲೆ ಏಳ್ತಿಲ್ಲ, ಫೈಲ್ ಕಾಪಿನೂ ಸೆಕೆಂಡ್‌ಗೆ 11 ಎಂಬಿ ಅಷ್ಟೆ. ಗಿಗಾಬಿಟ್ ಕಾರ್ಡ್ ಅಲ್ವಾ? ಸ್ಪೀಡ್ ಅಂಡ್ ಡುಪ್ಲೆಕ್ಸ್‌ನಲ್ಲಿ ಒಂದು ಗಿಗಾಬಿಟ್ ಅಂತ ಬಲವಂತ ಮಾಡ್ಲಾ?

---

ದುರ್ಗದ_ಬೋರ್ಡ್_ರಿಪೇರಿ

ಆಟೋದಲ್ಲೇ ಬಿಡ್ರಿ. ತಾಮ್ರದ ಕೇಬಲ್ ಮೇಲೆ ಗಿಗಾಬಿಟ್ ಕೂಡ್ಬೇಕಂದ್ರೆ ಎರಡು ಕಡೆಯೂ ಆಟೋ ನೆಗೋಷಿಯೇಷನ್ ಇರ್ಲೇಬೇಕು.

94 ಅಂದ್ರೆ ಲಿಂಕ್ 100ರಲ್ಲಿ ನಿಂತೈತೆ. ಗಿಗಾಬಿಟ್ ಇದ್ರೆ 940ರ ಹತ್ರ ತೋರಿಸ್ಬೇಕು. ಡ್ರೈವರ್ ವಿಷಯ ಅಲ್ಲ ಇದು, ಕೇಬಲ್ ಇಲ್ಲ ಸ್ವಿಚ್. 100ಕ್ಕೆ ಎರಡು ಜೊತೆ ತಂತಿ ಸಾಕು, ಪಿನ್ 1, 2, 3, 6. ಗಿಗಾಬಿಟ್‌ಗೆ ನಾಲ್ಕೂ ಜೊತೆ ಬೇಕು. 4, 5, 7, 8ರಲ್ಲಿ ಒಂದು ಕಡಿದಿದ್ರೂ 100ಕ್ಕೆ ಇಳೀತೈತೆ. ಟೆಸ್ಟರ್ ಹಾಕಿ ಎಂಟೂ ದೀಪ ಸಾಲಾಗಿ ಹತ್ತುತ್ತಾವಾ ನೋಡ್ರಿ. ಹತ್ತಿದ್ರೆ ಸ್ವಿಚ್ ಹಿಂದೆ ಓದ್ರಿ, 10/100 ಅಂತ ಮಾತ್ರ ಬರೆದಿದ್ರೆ ಅದನ್ನೇ ಬದಲಾಯಿಸ್ಬೇಕು. ಸ್ವಿಚ್ 10/100/1000 ಇದ್ದು ಒಂದು ಪೋರ್ಟ್‌ಗೆ ಹಿಂಗಾದ್ರೆ ಬೇರೆ ಪೋರ್ಟ್‌ಗೆ ಹಾಕಿ ನೋಡ್ರಿ, ಸಿಡಿಲು ಆ ಕಡೇನೂ ಕೈ ಇಟ್ಟಿರ್ತೈತೆ. ಹೊಸ ಆರ್‌ಜೆ45 ಹೊಡಿಸುವಾಗ ಎರಡು ತುದಿಗೂ 568ಬಿ ಕಲರ್ ಕೋಡ್, ಜೊತೆಗಳ ತಿರುವು ಕನೆಕ್ಟರ್ ಹತ್ರ 13 ಮಿಮೀಗಿಂತ ಜಾಸ್ತಿ ಬಿಚ್ಚಬಾರ್ದು.